ಯಾವ ಮನೆಯ ಪದ?

ಮದುವೆ ಮನೆಯಲ್ಲಿ ಗುರುತಿಲ್ಲದವರು ಪಕ್ಕದ ಕುರ್ಚಿಯಲ್ಲಿ ಬಂದು ಕೂತರೆ ನಮ್ಮ ಕಡೆ ಹೆಸರು ಕೇಳುವುದು ಆಮೇಲಿನ ಮಾತು. ಮೊದಲು ಕೇಳುವುದು, "ತಮ್ಮದು ಯಾವೂರಾಯ್ತು?" ಎಂದು. ಊರು ತಿಳಿದರೆ ಮನೆ, ಮನೆ ತಿಳಿದರೆ ತಂದೆ, ತಂದೆ ತಿಳಿದರೆ ತಾಯಿಯ ತವರು. ಕೋಸಂಬರಿ ಬಡಿಸುವುದರೊಳಗೆ ಎಳೆ ಸಿಕ್ಕಿ, ಹೋಳಿಗೆ ಬರುವ ಹೊತ್ತಿಗೆ "ಹಾಗಾದ್ರೆ ನೀವು ನನಗೆ ಮಾವ ಆಗ್ಬೇಕು" ಎಂಬಲ್ಲಿಗೆ ಮುಟ್ಟಿರುತ್ತದೆ. ನನ್ನ ಸೋದರತ್ತೆ ಈ ವಿದ್ಯೆಯಲ್ಲಿ ಎತ್ತಿದ ಕೈ. ಅವರಿಗೆ ಹೆಸರುಗಳು ನೆನಪಿರುವುದಿಲ್ಲ. ಸ್ವಂತ ಮೊಮ್ಮಕ್ಕಳನ್ನೇ ಅದಲುಬದಲು ಮಾಡಿ ಕರೆಯುತ್ತಾರೆ. ಆದರೆ "ಅರಸೀಕೆರೆ ಸ್ಟೇಷನ್ ಮಾಸ್ತರರ ಷಡ್ಡಕನ ಎರಡನೇ ಸೊಸೆ" ಎಂದು ಎಳೆ ಹಿಡಿದುಕೊಟ್ಟರೆ ಸಾಕು, ಆ ಸೊಸೆಯ ಗುಣ, ಕೈಯಡುಗೆಯ ರುಚಿ, ಯಾವ ವರ್ಷ ಯಾರ ಜೊತೆ ಮಾತು ಬಿಟ್ಟಳು ಎನ್ನುವವರೆಗೂ ಹೇಳಿಬಿಡುತ್ತಾರೆ. ಬಿಡಿ ಮನುಷ್ಯರು ಅವರ ತಲೆಯಲ್ಲಿ ನಿಲ್ಲುವುದಿಲ್ಲ. ಬಳಗದ ಸಮೇತ ಬಂದವರು ಅಳಿಸಿಹೋಗುವುದಿಲ್ಲ.

ಇಂಥ ಜನ ನಾವು, ಇಂಗ್ಲಿಷ್ ಪದಗಳನ್ನು ಕಲಿಯಲು ಹೊರಟಾಗ ಮಾತ್ರ ಈ ಹುಟ್ಟುಬುದ್ಧಿಯನ್ನು ಚಪ್ಪಲಿಯ ಜೊತೆ ಹೊಸ್ತಿಲಾಚೆ ಬಿಟ್ಟು ಬರುತ್ತೇವೆ. ಕೈಗೆ ಪಟ್ಟಿ ತೆಗೆದುಕೊಳ್ಳುತ್ತೇವೆ. ದಿನಕ್ಕೆ ಇಷ್ಟು ಪದ ಎಂಬ ವ್ರತ ಹಿಡಿಯುತ್ತೇವೆ. ವ್ರತ 'ಎ' ಅಕ್ಷರದಿಂದ ಶುರುವಾಗಿ 'ಬಿ'ಯ ಬಾಗಿಲಲ್ಲಿ ಮುರಿದುಬೀಳುತ್ತದೆ. ನನಗೆ ಗೊತ್ತಿರುವ ಅನೇಕರು ಹೀಗೆ 'ಎ' ಅಕ್ಷರದಲ್ಲಿ ಮಹಾಪಂಡಿತರು. 'ಅಬೇಟ್', 'ಅಬ್ಡಿಕೇಟ್', 'ಅಬ್‌ಹಾರ್' ಎಲ್ಲ ನಾಲಿಗೆಯ ತುದಿಯಲ್ಲಿವೆ. ಮಳೆ ಕಡಿಮೆಯಾದರೆ ಅಬೇಟ್ ಆಯಿತು ಎನ್ನುತ್ತಾರೆ, ಚಟ್ನಿಗೆ ಬೆಳ್ಳುಳ್ಳಿ ಹಾಕಿದರೆ ಅಬ್‌ಹಾರ್ ಎನ್ನುತ್ತಾರೆ. 'ಝಡ್'ನ ಕಡೆಯ ಇಂಗ್ಲಿಷ್ ಅವರ ಪಾಲಿಗೆ ಇನ್ನೂ ಹುಟ್ಟಿಲ್ಲ. ಈ ಕಲಿಕೆಗೆ ನಾವು ಇಟ್ಟ ಹೆಸರು 'ಬೈಹಾರ್ಟ್' ಮಾಡುವುದು. ಇಂಗ್ಲಿಷರು ಹೃದಯದಿಂದ ಕಲಿ ಎಂದರು; ನಾವು ಅದನ್ನು ಕನ್ನಡಕ್ಕೆ ತರುವಾಗ ಕಂಠಪಾಠ ಅಂದೆವು. ಕಲಿತದ್ದು ಹೆಚ್ಚಿನ ಪಾಲು ಕಂಠದಲ್ಲೇ ಉಳಿದು ಕೆಳಗಿಳಿಯಲಿಲ್ಲವಾದ್ದರಿಂದ ನಮ್ಮ ಮಾತೇ ಹೆಚ್ಚು ಪ್ರಾಮಾಣಿಕ.

ಬೆಂಗಳೂರಿನ ಅವೆನ್ಯೂ ರಸ್ತೆಯ ಹಳೇ ಪುಸ್ತಕದ ರಾಶಿಗಳಲ್ಲಿ ಭೂಮಿ ತಿರುಗುವುದು ನಿಂತರೂ ಸಿಗುವ ಪುಸ್ತಕ ಒಂದಿದೆ: ನಾರ್ಮನ್ ಲೂಯಿಸ್ ಬರೆದ 'ವರ್ಡ್ ಪವರ್ ಮೇಡ್ ಈಸಿ'. ಅಮೆರಿಕದಲ್ಲಿ 1949ರಲ್ಲಿ ಹೊರಬಂದ ಪುಸ್ತಕ. ಬ್ಯಾಂಕ್ ಪರೀಕ್ಷೆಯವರು, ಐಎಎಸ್ ಕನಸಿನವರು, ಅಮೆರಿಕಕ್ಕೆ ಹೊರಟವರು, ಮಗಳಿಗೆ ಇಂಗ್ಲಿಷ್ ಬರಲಿ ಎಂದು ತಂದು ತಾವೇ ಓದುತ್ತ ಕೂತ ಅಪ್ಪಂದಿರು, ಎಲ್ಲರ ಕೈಯಲ್ಲೂ ಅದು ಹಾದುಹೋಗಿದೆ. ಕೊಂಡವರೆಲ್ಲರೂ ಶುರುವಿನ ಅಧ್ಯಾಯಗಳನ್ನು ಖಂಡಿತ ಓದಿರುತ್ತಾರೆ. ಹಳೆಯ ಪ್ರತಿಗಳನ್ನು ತೆರೆದರೆ ಅಲ್ಲಿಯವರೆಗೆ ಪೆನ್ಸಿಲ್ ಗೆರೆ ಅಚ್ಚುಕಟ್ಟಾಗಿರುತ್ತದೆ, ಮುಂದಿನ ಹಾಳೆಗಳು ಹೊಸ ನೋಟಿನ ಹಾಗೆ ಇರುತ್ತವೆ. ಆ ಶುರುವಿನಲ್ಲಿ ಇರುವವರೇ 'ಇಂಟ್ರೊವರ್ಟ್', 'ಎಕ್ಸ್‌ಟ್ರೊವರ್ಟ್', 'ಆಂಬಿವರ್ಟ್' ಎಂಬ ಮೂವರು. ನಮ್ಮ ನಾಡಿನಲ್ಲಿ ಇಷ್ಟೊಂದು ಯುವಕರು ತಮ್ಮನ್ನು ಇಂಟ್ರೊವರ್ಟ್ ಎಂದು ಸಾರಿ ಸಾರಿ ಹೇಳಿಕೊಳ್ಳುವುದಕ್ಕೆ ಈ ಪುಸ್ತಕದ ಪಾಲೂ ಇದ್ದೀತು ಎಂಬುದು ನನ್ನ ಗುಮಾನಿ.

ಆದರೆ ಲೂಯಿಸ್ ಮಾಡಿದ ದೊಡ್ಡ ಕೆಲಸ ಬೇರೆಯೇ ಇದೆ. ಅವನು ಪದಗಳನ್ನು ಅಕ್ಷರಮಾಲೆಯಲ್ಲಿ ನಿಲ್ಲಿಸದೆ ಮನೆಮನೆಯಾಗಿ ಕೂರಿಸಿದ. ಈ 'ವರ್ಟ್' ಮನೆಯನ್ನೇ ನೋಡಿ. ಲ್ಯಾಟಿನ್‌ನಲ್ಲಿ ಅದಕ್ಕೆ ತಿರುಗು ಎಂದು ಅರ್ಥ. ಒಳಕ್ಕೆ ತಿರುಗಿದವನು ಇಂಟ್ರೊವರ್ಟ್. ಹಾದಿ ತಿರುಗಿಸಿದರೆ 'ಡೈವರ್ಟ್', ಮತ್ತೆ ಹಿಂದಕ್ಕೆ ತಿರುಗಿದರೆ 'ರಿವರ್ಟ್', ತಲೆಯೇ ತಿರುಗಿದರೆ 'ವರ್ಟಿಗೊ'. ನಮ್ಮ ಮುಖವನ್ನು ತನ್ನ ಸೋಪಿನ ಕಡೆಗೆ ತಿರುಗಿಸಿಕೊಳ್ಳುವುದು 'ಅಡ್ವರ್ಟೈಸ್‌ಮೆಂಟ್'. ಗಂಡ ಹೆಂಡತಿ ಬೇರೆ ಬೇರೆ ದಿಕ್ಕಿಗೆ ತಿರುಗಿದರೆ 'ಡೈವೋರ್ಸ್'. ಎಲ್ಲವೂ ಒಂದರ ಕಡೆಗೇ ತಿರುಗಿ ನಿಂತದ್ದು 'ಯೂನಿವರ್ಸ್', ಅದರ ಮನೆಯಿಂದಲೇ 'ಯೂನಿವರ್ಸಿಟಿ'. ನಮ್ಮ ವಿಶ್ವವಿದ್ಯಾಲಯಗಳಲ್ಲಿ ಹತ್ತು ಜನ ಹತ್ತು ದಿಕ್ಕಿಗೆ ತಿರುಗಿರುತ್ತಾರೆ, ಅದಕ್ಕೆ ಲ್ಯಾಟಿನ್ ಹೊಣೆಯಲ್ಲ.

ಇಲ್ಲಿಗೆ ಮುಗಿದಿದ್ದರೆ ಇದು ಪರೀಕ್ಷೆಯ ಉಪಾಯ ಮಾತ್ರ ಆಗುತ್ತಿತ್ತು. ಈ 'ವರ್ಟ್' ನಮ್ಮ ಸಂಸ್ಕೃತ ಪದಗಳೊಳಗಿನ 'ವೃತ್' ಧಾತುವಿನ ಒಡಹುಟ್ಟು ಎಂಬಲ್ಲಿ ರಸ ಹುಟ್ಟುತ್ತದೆ. ಪರಿವರ್ತನೆ, ಆವರ್ತನೆ, ವರ್ತುಲ, ಪ್ರವೃತ್ತಿ, ನಿವೃತ್ತಿ ಎಲ್ಲ ಆ ಮನೆಯವೇ. 'ಕನ್ವರ್ಟ್' ಎಂದರೆ ಪರಿವರ್ತನೆ ಎಂದು ಬರೆದು ಉರು ಹೊಡೆದ ನಮಗೆ, ಎಡಬದಿಯಲ್ಲಿದ್ದವಳೂ ಬಲಬದಿಯಲ್ಲಿದ್ದವಳೂ ದೊಡ್ಡಪ್ಪ ಚಿಕ್ಕಪ್ಪನ ಮಕ್ಕಳು ಎಂದು ಯಾವ ಮೇಷ್ಟರೂ ಹೇಳಲಿಲ್ಲ. ಹೇಳಿದ್ದರೆ ಉರು ಹೊಡೆಯಬೇಕಾದದ್ದೇ ಇರಲಿಲ್ಲ.

ಪದಭಂಡಾರಕ್ಕೆ ಇಂಗ್ಲಿಷಿನಲ್ಲಿರುವ 'ವೊಕ್ಯಾಬ್ಯುಲರಿ' ಎಂಬ ಪದಕ್ಕೂ ಒಂದು ತುಂಬಿದ ಮನೆಯಿದೆ. 'ವೋಕ್' ಎಂದರೆ ಕರೆ, ಕೂಗು. ದೇವರನ್ನು ಕರೆದರೆ 'ಇನ್ವೋಕ್'. ಜಗಳಕ್ಕೆ ಕರೆದರೆ 'ಪ್ರವೋಕ್'. ಹಳೆಯ ನೆನಪನ್ನು ಹೊರಗೆ ಕರೆದರೆ 'ಇವೋಕ್'. ಕೊಟ್ಟ ಅಪ್ಪಣೆಯನ್ನು ವಾಪಸು ಕರೆಸಿಕೊಂಡರೆ 'ರಿವೋಕ್'. ಕರಿ ಗೌನು ತೊಡಿಸಿ ಎಲ್ಲರನ್ನೂ ಒಟ್ಟಿಗೆ ಕರೆದರೆ 'ಕಾನ್ವೊಕೇಶನ್'. ಮನುಷ್ಯನನ್ನು ಒಳಗಿನಿಂದ ಕರೆದ ಕೆಲಸ 'ವೊಕೇಶನ್'. ಕಷ್ಟಕಾಲದಲ್ಲಿ ನಮ್ಮ ಪಕ್ಕಕ್ಕೆ ಕರೆಸಿಕೊಂಡವರು 'ಅಡ್ವೊಕೇಟ್'; ಕರೆದರೂ ಫೋನ್ ತೆಗೆಯದಿದ್ದರೂ ಅವರು ಅಡ್ವೊಕೇಟೇ. ಈ ಇಡೀ ಸಂಸಾರದ ಮೂಲದಲ್ಲಿರುವ ಲ್ಯಾಟಿನ್ 'ವೋಕ್ಸ್' ನಮ್ಮ 'ವಾಕ್'ಗೆ ಹತ್ತಿರದ ನೆಂಟ. ವಾಗ್ದೇವಿಯ ಕೃಪೆ ಬೇಡಿ ಇಂಗ್ಲಿಷ್ ಪಾಠ ಶುರುಮಾಡಿದರೆ ಅದು ಅಪ್ಪಟ ಶಾಸ್ತ್ರೋಕ್ತ.

ಧಾತುವಿನ ಮುಂದೆ ಒಂದು ತುಣುಕು ಸೇರಿಸಿ ಅರ್ಥವನ್ನೇ ತಿರುವುವ ಈ ಆಟ ನಮಗೆ ಹೊಸದಲ್ಲ. ಪ್ರಹಾರ, ಆಹಾರ, ಸಂಹಾರ, ವಿಹಾರ, ಪರಿಹಾರ ಎಂದು ಸಂಸ್ಕೃತದ ಮೇಷ್ಟರು ಒಂದೇ ಉಸಿರಿಗೆ ಹೇಳಿಸುತ್ತಿದ್ದರು. ಧಾತು ಒಂದೇ. ಮುಂದೆ 'ಆ' ಬಂದರೆ ಊಟ, 'ವಿ' ಬಂದರೆ ಊಟದ ಮೇಲಿನ ಓಡಾಟ, 'ಪ್ರ' ಬಂದರೆ ಏಟು, 'ಸಂ' ಬಂದರೆ ಕಥೆ ಮುಗಿಯಿತು, 'ಪರಿ' ಬಂದರೆ ತಹಸೀಲ್ದಾರರ ಕಚೇರಿಗೆ ಅಲೆದಾಟ. ಈ ಸೂಕ್ಷ್ಮ ಎಷ್ಟು ಅಪಾಯದ್ದೆಂದರೆ, ಒಂದು ದೀರ್ಘ ಬಿಟ್ಟರೂ ಅರ್ಥ ಕೆಡುತ್ತದೆ. 'ಉಪಾಹಾರ' ಎಂದರೆ ತಿಂಡಿ, 'ಉಪಹಾರ' ಎಂದರೆ ಕಾಣಿಕೆ. ನಮ್ಮ ಎಷ್ಟೋ ಹೋಟೆಲುಗಳ ಬೋರ್ಡಿನ ಮೇಲೆ 'ಉಪಹಾರ' ಎಂದೇ ಇದೆ. ಆ ಬೋರ್ಡನ್ನು ನಂಬಿ ಎರಡು ಇಡ್ಲಿ ಒಂದು ವಡೆ ತಿಂದು, ಕೈತೊಳೆದು, ಕಾಣಿಕೆ ಸ್ವೀಕರಿಸಿದವರಂತೆ ನಮಸ್ಕಾರ ಮಾಡಿ ಹೊರಟವರು ಇದುವರೆಗೆ ಯಾರೂ ಇಲ್ಲ, ಏಕೆಂದರೆ ಕ್ಯಾಷಿಯರ್ ಕೂರುವುದು ಬಾಗಿಲಲ್ಲಿ.

ಅಚ್ಚಗನ್ನಡದಲ್ಲಿ ತುಣುಕು ಬಾಲಕ್ಕೆ ಸೇರುತ್ತದೆ. ಅಡು ಅಡುಗೆ, ಉಡು ಉಡುಗೆ, ತೊಡು ತೊಡುಗೆ, ಕೊಡು ಕೊಡುಗೆ. ಹದಿಮೂರನೆಯ ಶತಮಾನದಲ್ಲೇ ಕೇಶಿರಾಜ 'ಶಬ್ದಮಣಿದರ್ಪಣ'ದಲ್ಲಿ ಕನ್ನಡದ ಧಾತುಗಳಿಗೆಂದೇ ಒಂದು ಪ್ರಕರಣ ಇಟ್ಟಿದ್ದಾನೆ. ಅಂದಮೇಲೆ ತಲೆಯೂ ಬಾಲವೂ ನಮಗೆ ಪರಿಚಯದವೇ. 'ಪ್ರಿಫಿಕ್ಸ್', 'ಸಫಿಕ್ಸ್' ಎಂಬ ಪಾಠ ಬಂದಾಗ ಕನ್ನಡ ಮಾಧ್ಯಮದ ಮಕ್ಕಳು ಬೆವರುವುದನ್ನು ಕಂಡರೆ ನನಗೆ ಬೇಸರವಾಗುತ್ತದೆ. ಅವರು ದಿನವೂ ಆಡುವ ಆಟವನ್ನೇ ಬೇರೆ ಮೈದಾನದಲ್ಲಿ ಆಡಿಸುತ್ತಿದ್ದಾರೆ ಎಂದು ಹೇಳುವವರಿಲ್ಲ.

ಇನ್ನೂ ಆಳಕ್ಕೆ ಹೋದರೆ ಇಂಗ್ಲಿಷ್ ಮತ್ತು ಕನ್ನಡ ಎರಡೂ ಒಂದೇ ನಕ್ಷೆಯ ಎರಡಂತಸ್ತಿನ ಮನೆಗಳು: ಕೆಳಗೆ ಮನೆಮಾತು, ಮೇಲೆ ಹೊರಗಿನಿಂದ ತಂದ ದೊಡ್ಡ ಪದಗಳು. ಹಲ್ಲು ನೋಯುವುದು ಕನ್ನಡದಲ್ಲಿ. ಹೋಗುವುದು ಮಾತ್ರ ದಂತವೈದ್ಯರ ಹತ್ತಿರ. ಕಣ್ಣು ಮಂಜಾಗುತ್ತದೆ, ಆದರೆ ಪರೀಕ್ಷೆ ನೇತ್ರಾಲಯದಲ್ಲಿ. ಮನೆ ಕಟ್ಟುತ್ತೇವೆ, ಪ್ರವೇಶ ಮಾಡುವಾಗ ಅದು ಗೃಹ. ಒಟ್ಟಿನಲ್ಲಿ ನೋವು, ಬೆವರು, ಸಾಲ ಕನ್ನಡದಲ್ಲಿ. ಆಮಂತ್ರಣ ಪತ್ರಿಕೆ ಮತ್ತು ಬಿಲ್ಲು ಸಂಸ್ಕೃತದಲ್ಲಿ. ಇಂಗ್ಲಿಷಿನವರದೂ ಹೀಗೇ. ಅವರಿಗೂ ನೋಯುವುದು 'ಟೂತ್', ಚಿಕಿತ್ಸೆ ಮಾಡುವವನು 'ಡೆಂಟಿಸ್ಟ್'. ಬಡಿದುಕೊಳ್ಳುವುದು 'ಹಾರ್ಟ್', ನೋಡುವವನು 'ಕಾರ್ಡಿಯಾಲಜಿಸ್ಟ್'. 1066ರಲ್ಲಿ ನಾರ್ಮಂಡಿಯ ದೊರೆ ಇಂಗ್ಲೆಂಡನ್ನು ಗೆದ್ದ ಮೇಲೆ ಆಸ್ಥಾನ, ನ್ಯಾಯಾಲಯ, ಪಾಕಶಾಲೆಗಳಿಗೆ ಫ್ರೆಂಚ್ ಬಂತು. ಆಗಲೇ ಚರ್ಚಿನಲ್ಲಿದ್ದ ಲ್ಯಾಟಿನ್ನು ಕ್ರಮೇಣ ವಿದ್ಯೆಗೂ ಒಡೆಯನಾಯಿತು. ಹೊಲ, ಹಟ್ಟಿ, ಒಲೆಯ ಮುಂದೆ ಹಳೆಯ ಇಂಗ್ಲಿಷ್ ಉಳಿಯಿತು. ಕುರಿ ಮೇಯುವಾಗ 'ಶೀಪ್', ತಟ್ಟೆಗೆ ಬಂದಾಗ 'ಮಟನ್' ಆದದ್ದು ಹೀಗೆ. ನಮ್ಮಲ್ಲಿ ಮಟನ್ ಅಂಗಡಿಯಲ್ಲಿ ತೂಗುವುದು ಬಹುಪಾಲು ಆಡಾದ್ದರಿಂದ ಆ ಪದ ಇಲ್ಲಿ ಇನ್ನೊಂದು ಮನೆಗೆ ದತ್ತು ಹೋಗಿದೆ.

ದೊಡ್ಡ ಇಂಗ್ಲಿಷ್, ಕಷ್ಟದ ಇಂಗ್ಲಿಷ್ ಎಂದು ನಾವು ಹೆದರುವುದು ಈ ಮೇಲಂತಸ್ತಿನ ಲ್ಯಾಟಿನ್ ಮತ್ತು ಗ್ರೀಕ್ ಪದಗಳಿಗೆ. ತಮಾಷೆಯೆಂದರೆ ನಮಗೆ ನೆಂಟಸ್ತನ ಇರುವುದು ಆ ಅಂತಸ್ತಿನಲ್ಲೇ ಹೆಚ್ಚು ಎದ್ದು ಕಾಣುತ್ತದೆ. 'ಡೆಂಟ್' ನಮ್ಮ ದಂತ. 'ಕಾರ್ಡಿಯ' ನಮ್ಮ ಹೃದಯದ ದೂರದ ಅಣ್ಣ. 'ಡೋನರ್' ದಾನದವನು. 'ಮಾರ್ಟಲ್' ಮೃತ್ಯುವಿನ ಮನೆಯವನು, ಹಾಗಾಗಿ 'ಇಮ್ಮಾರ್ಟಲ್' ಅಂದರೆ ಅಮೃತನೇ. ವಯಸ್ಸಾದ ಮೇಲೆ ಈ ವಿದ್ಯೆ ತಾನಾಗಿ ಒದಗುತ್ತದೆ. ಆಸ್ಪತ್ರೆಯ ಪಡಸಾಲೆಯಲ್ಲಿ ಟೋಕನ್ ಹಿಡಿದು ಕೂತವರು ಎದುರಿನ ಬೋರ್ಡುಗಳನ್ನು ಓದಿ ಓದಿ ಗ್ರೀಕ್ ಕಲಿತುಬಿಡುತ್ತಾರೆ. 'ನೆಫ್ರೊ' ಎಂದರೆ ಮೂತ್ರಪಿಂಡ, 'ಗ್ಯಾಸ್ಟ್ರೊ' ಎಂದರೆ ಹೊಟ್ಟೆ, ಬಾಲದಲ್ಲಿ 'ಐಟಿಸ್' ಬಂದರೆ ಉರಿಯೂತ, 'ಎಕ್ಟಮಿ' ಬಂದರೆ ಕೊಯ್ದು ತೆಗೆಯುವುದು. ಬಾಲ 'ಐಟಿಸ್' ಆಗಿರುವವರೆಗೆ ಮಾತ್ರೆಯಲ್ಲಿ ಮುಗಿದೀತು ಎಂದು ಧೈರ್ಯ, 'ಎಕ್ಟಮಿ'ಗೆ ತಿರುಗಿದರೆ ಮಗನಿಗೆ ಫೋನ್. ಯಾವ ಪದಸಂಪತ್ತಿನ ಪುಸ್ತಕವೂ ಇಷ್ಟು ಭದ್ರವಾಗಿ ಪಾಠ ಮಾಡಲಾರದು.

ಅಲ್ಲೇ ಒಂದು ಬೋರ್ಡಿದೆ, 'ಆರ್ಥೊಪೆಡಿಕ್ಸ್'. ಮಂಡಿನೋವಿನವರೆಲ್ಲ ಅದರ ಕೆಳಗೆ ಕೂತಿರುತ್ತಾರೆ. 'ಪೆಡ್' ಎಂದರೆ ಪಾದ, ಕಾಲಿಗೆ ಸಂಬಂಧಪಟ್ಟದ್ದು ಎಂದು ನನ್ನ ಸೋದರತ್ತೆ ಒಮ್ಮೆ ವಾದಿಸಿದರು. ವಾದ ಚೆನ್ನಾಗಿತ್ತು. 'ಪೆಡಲ್', 'ಪೆಡೆಸ್ಟ್ರಿಯನ್', 'ಪೆಡಿಕ್ಯೂರ್', ಕಾಲಿಗೆ ತೊಡರುವ 'ಇಂಪೆಡಿಮೆಂಟ್', ತೊಡರು ಬಿಡಿಸಿ ಓಡಿಸುವ 'ಎಕ್ಸ್‌ಪೆಡೈಟ್' ಎಲ್ಲ ಪಾದದ ಮನೆಯವೇ. ಆದರೆ ಆರ್ಥೊಪೆಡಿಕ್ಸಿನ 'ಪೆಡ್' ಗ್ರೀಕಿನದು, ಅದಕ್ಕೆ ಮಗು ಎಂದರ್ಥ, ಮಕ್ಕಳ ಡಾಕ್ಟರಾದ 'ಪೀಡಿಯಾಟ್ರಿಶಿಯನ್' ಅವರದೇ ಮನೆ. ನಿಕೊಲಾ ಆಂಡ್ರಿ ಎಂಬ ಫ್ರೆಂಚ್ ವೈದ್ಯ 1741ರಲ್ಲಿ ಮಕ್ಕಳ ಸೊಟ್ಟ ಮೈಕಟ್ಟನ್ನು ನೆಟ್ಟಗೆ ಮಾಡುವ ವಿದ್ಯೆಗೆ ಈ ಹೆಸರು ಕಟ್ಟಿದ. ವಿಷಯ ತಿಳಿದ ಮೇಲೆ ಅತ್ತೆ, "ಎಪ್ಪತ್ತೈದು ದಾಟಿದ ಮೇಲೆ ನನ್ನನ್ನ ಮಗು ಅಂತ ಕರೆಯೋದು ಅದೊಂದೇ ಬೋರ್ಡು ಕಣೋ, ಇರ್ಲಿ ಬಿಡು" ಎಂದರು.

ಪಾದದ ಮನೆ ಬಿಡುವ ಮುನ್ನ ಅಲ್ಲಿನ ಹಿರಿಯರೊಬ್ಬರನ್ನು ನೋಡಿಕೊಂಡು ಹೋಗಬೇಕು. ಉದ್ದುದ್ದ ಪದ ಬಳಸುವವರನ್ನು ಇಂಗ್ಲಿಷಿನಲ್ಲಿ 'ಸೆಸ್ಕ್ವಿಪೆಡೇಲಿಯನ್' ಎನ್ನುತ್ತಾರೆ. ಬಿಡಿಸಿದರೆ, ಒಂದೂವರೆ ಅಡಿ ಉದ್ದದ್ದು. ರೋಮಿನ ಕವಿ ಹೊರೇಸ್ ಆಡಿದ ಚೇಷ್ಟೆ ಅದು. ಕಾಲಿಗೂ ಅಳತೆಗೂ ಒಂದೇ ಪದ ಬಳಸುವುದು ಲ್ಯಾಟಿನ್, ಇಂಗ್ಲಿಷ್, ಕನ್ನಡ ಮೂರರಲ್ಲೂ ಇದೆ. ನಮ್ಮ 'ಅಡಿ' ಅದೇ ತಾನೆ. ಈ ಕಾಲದ ಒಂದೂವರೆ ಅಡಿಯವರೆಂದರೆ ಶಶಿ ತರೂರ್. 2017ರ ಮೇ ತಿಂಗಳಲ್ಲಿ ಅವರು ಟ್ವಿಟರಿನಲ್ಲಿ 'ಫರಾಗೊ' ಎಂಬ ಪದ ಹಾಕಿದಾಗ ದೇಶವೇ ನಿಘಂಟು ಹುಡುಕಿತು. ಅದೇನೋ ಘನವಾದದ್ದು ಎಂದು ಎಲ್ಲರೂ ಅಂಜಿದರು. ಅದರ ಮನೆ ವಿಚಾರಿಸಿದರೆ ಲ್ಯಾಟಿನ್ ಹಟ್ಟಿ; ನಾನಾ ಧಾನ್ಯ ಬೆರೆಸಿ ದನಕ್ಕೆ ಹಾಕುವ ಮೇವಿನ ಹೆಸರು. ನಮ್ಮ ಹಳ್ಳಿಯ ಯಾವ ಹೆಂಗಸೂ ಎದುರಾಳಿಯ ಸುಳ್ಳನ್ನು ಕಲಗಚ್ಚು ಎಂದು ಬೈಯಬಲ್ಲಳು. ಅವಳಿಗೆ ಹಿಂಬಾಲಕರು ಇಲ್ಲ, ಅಷ್ಟೇ ವ್ಯತ್ಯಾಸ. ಮರುವರ್ಷ ತರೂರ್ ಇಪ್ಪತ್ತೊಂಬತ್ತು ಅಕ್ಷರದ 'ಫ್ಲಾಕ್ಸಿನಾಸಿನಿಹಿಲಿಪಿಲಿಫಿಕೇಶನ್' ತಂದರು. ಅದನ್ನೂ ತುಂಡು ಮಾಡಿದರೆ, ಬೆಲೆಯಿಲ್ಲದ್ದು ಎನ್ನುವುದಕ್ಕೆ ಲ್ಯಾಟಿನ್‌ನಲ್ಲಿದ್ದ ನಾಲ್ಕು ಪದಗಳನ್ನು ಒಂದರ ಹಿಂದೆ ಒಂದು ಕಟ್ಟಿದ್ದು. 'ಯಃಕಶ್ಚಿತ್' ಎಂದರೆ ಮುಗಿಯುತ್ತಿತ್ತು.

ನೆಂಟಸ್ತನ ಹುಡುಕುವ ಚಟಕ್ಕೆ ಬಿದ್ದರೆ ಊಟಕ್ಕೆ ಕೂತಾಗಲೂ ಬಿಡುಗಡೆಯಿಲ್ಲ. 'ಕಟ್ಲೆಟ್' ಎಂದರೆ ಕಟ್ ಮಾಡಿದ್ದು ಎಂದುಕೊಂಡಿದ್ದರೆ ಅದು ಮೋಸ. ಅದು ಫ್ರೆಂಚಿನಿಂದ ಬಂತು, ಪುಟ್ಟ ಪಕ್ಕೆಲುಬು ಎಂದರ್ಥ. ಪಕ್ಕೆಲುಬಿನ ಲ್ಯಾಟಿನ್ ಹೆಸರು 'ಕೋಸ್ಟಾ', ನೆಲದ ಪಕ್ಕೆಯಾದ ಕರಾವಳಿಗೆ 'ಕೋಸ್ಟ್' ಎಂದದ್ದೂ ಅದರಿಂದಲೇ. ಶುದ್ಧ ಸಸ್ಯಾಹಾರಿ ಹೋಟೆಲಿನಲ್ಲಿ ಜನಿವಾರ ಸರಿಮಾಡಿಕೊಳ್ಳುತ್ತ "ಒಂದು ವೆಜಿಟಬಲ್ ಕಟ್ಲೆಟ್" ಎಂದು ಕೇಳುವವರಿಗೆ ಇದನ್ನು ಹೇಳಬೇಡಿ. 'ಕಂಪನಿ'ಯಲ್ಲಿ ಇರುವುದು ರೊಟ್ಟಿ. 'ಕಂಪ್ಯಾನಿಯನ್' ಎಂದರೆ ಜೊತೆಯಲ್ಲಿ ರೊಟ್ಟಿ ಮುರಿದವನು. ಲ್ಯಾಟಿನ್ 'ಪಾನಿಸ್' ಆ ರೊಟ್ಟಿ. ರೈಲಿನ 'ಪ್ಯಾಂಟ್ರಿ' ಅದರದೇ ಕೋಣೆ. ಅದೇ ರೊಟ್ಟಿ ಪೋರ್ಚುಗೀಸರ ಹಡಗು ಹತ್ತಿ ಗೋವೆಗೆ ಬಂದು 'ಪಾವ್' ಆಯಿತು. ಹೀಗಾಗಿ ಈಸ್ಟ್ ಇಂಡಿಯಾ ಕಂಪನಿಗೂ ಸಂಜೆಯ ಪಾವ್ ಭಾಜಿಗೂ ರಕ್ತಸಂಬಂಧ ಉಂಟು. ಒಂದು ನಮ್ಮನ್ನು ತಿಂದಿತು, ಇನ್ನೊಂದನ್ನು ನಾವು ತಿನ್ನುತ್ತಿದ್ದೇವೆ.

ಚುನಾವಣೆ ಬಂದಾಗ ನಾನು ನೆನೆಯುವ ಮನೆಯೊಂದಿದೆ. 'ಕ್ಯಾಂಡಿಡೇಟ್' ಎಂದರೆ ಬಿಳಿ ತೊಟ್ಟವನು. ರೋಮಿನಲ್ಲಿ ಪದವಿ ಬೇಡಿ ಬೀದಿಗಿಳಿಯುವವರು ಬೆಳ್ಳಗೆ ಮಾಡಿದ ನಿಲುವಂಗಿ ಹಾಕುತ್ತಿದ್ದರು. ಎರಡು ಸಾವಿರ ವರ್ಷದ ಮೇಲೆ, ಯಾರೂ ಲ್ಯಾಟಿನ್ ಹೇಳಿಕೊಡದೆ, ನಮ್ಮ ಅಭ್ಯರ್ಥಿಗಳು ಗರಿಗರಿ ಬಿಳಿ ಖಾದಿಯಲ್ಲಿ ಕೈಮುಗಿದು ಬರುತ್ತಾರೆ. ಅವರ ಒಡಹುಟ್ಟು ಮುಚ್ಚುಮರೆಯಿಲ್ಲದ 'ಕ್ಯಾಂಡಿಡ್'. ಅಣ್ಣತಮ್ಮಂದಿರಿಗೆ ಮಾತುಕತೆ ನಿಂತು ಬಹಳ ಕಾಲವಾಗಿದೆ. ಬೆಳಗುವ 'ಕ್ಯಾಂಡಲ್' ಈ ಮನೆಯದು, ಮೇಲೆ ಬೆಳಗುವ ನಮ್ಮ ಚಂದ್ರನೂ ಮೂಲದಲ್ಲಿ ಇದೇ ವಂಶ.

ಒಮ್ಮೊಮ್ಮೆ ರಕ್ತಸಂಬಂಧವಿಲ್ಲದೆಯೂ ಭಾವ ಕೂಡಿಬಿಡುತ್ತದೆ. 'ಡಿಸೈಡ್' ಎಂದರೆ ಮೂಲದಲ್ಲಿ ಕತ್ತರಿಸಿ ಹಾಕುವುದು. ಅದರ ನೆಂಟರೆಲ್ಲ ಕತ್ತಿ ಹಿಡಿದವರು: ಕೊಲೆಯ 'ಹೋಮಿಸೈಡ್', ಹುಳ ಕೊಲ್ಲುವ 'ಪೆಸ್ಟಿಸೈಡ್', ಸರ್ಜನ್ನರ 'ಇನ್ಸಿಷನ್', ಮಾತನ್ನು ಕತ್ತರಿಸಿ ಚಿಕ್ಕದು ಮಾಡುವ 'ಕನ್ಸೈಸ್'. ಸಂಶಯಕ್ಕೆ ಎಡೆಯಿಲ್ಲದೆ ನಿರ್ಧಾರ ಹೇಳುವುದಕ್ಕೆ ನಮ್ಮ ಹಳ್ಳಿಯವರು ಏನನ್ನುತ್ತಾರೆ? ಕಡ್ಡಿ ತುಂಡು ಮಾಡಿದ ಹಾಗೆ ಹೇಳಿದ ಎನ್ನುತ್ತಾರೆ. 'ಡಿಸೈಸಿವ್' ಪದಕ್ಕೆ ನಿಘಂಟುಗಳಲ್ಲಿ ನಿರ್ಣಾಯಕ, ನಿಶ್ಚಯಾತ್ಮಕ ಎಂದು ಇರುತ್ತದೆ. ಕಡ್ಡಿಯನ್ನು ಯಾರೂ ತಂದಿಲ್ಲ. ತರಬೇಕಿತ್ತು.

ಇಷ್ಟು ಸಂಬಂಧಗಳನ್ನು ನಾನು ಮನೆಯಲ್ಲಿ ಕೂತು ಹೆಣೆದದ್ದಲ್ಲ. 1786ರ ಫೆಬ್ರವರಿ 2ರಂದು ಕಲ್ಕತ್ತದಲ್ಲಿ, ಅಲ್ಲಿನ ಸುಪ್ರೀಂ ಕೋರ್ಟಿನ ನ್ಯಾಯಾಧೀಶರಾಗಿದ್ದ ವಿಲಿಯಂ ಜೋನ್ಸ್, ಸಂಸ್ಕೃತ ಗ್ರೀಕ್ ಲ್ಯಾಟಿನ್‌ಗಳು ಈಗ ಬಹುಶಃ ಉಳಿದಿಲ್ಲದ ಯಾವುದೋ ಒಂದೇ ಮೂಲದಿಂದ ಬಂದಿರಬೇಕು ಎಂದು ಏಷ್ಯಾಟಿಕ್ ಸೊಸೈಟಿಯ ಮುಂದೆ ಸಾರಿದರು. ಪಾಲು ಪಟ್ಟಿಯ ದಾವೆ ಕೇಳಿದ ನ್ಯಾಯಾಧೀಶರಿಗೆ ಒಂದೇ ಮನೆಯವರನ್ನು ಗುರುತಿಸುವುದು ಸುಲಭವಾಗಿರಬೇಕು. ಅಂದಿನಿಂದ ಪಂಡಿತರು ಈ ವಂಶವೃಕ್ಷವನ್ನು ಅಕ್ಷರ ಅಕ್ಷರವಾಗಿ ತಾಳೆ ನೋಡಿದ್ದಾರೆ. ತಾಳೆ ನೋಡದವರು ನಮ್ಮ ಪಾರ್ಕಿನ ಬೆಂಚಿನ ಮೇಲೆ ಸಿಗುತ್ತಾರೆ. ಅಲ್ಲಿ ಬೆಳಗಿನ ವಾಕಿಂಗ್ ಮುಗಿಸಿ ಕೂರುವ ನಿವೃತ್ತರೊಬ್ಬರ ಪ್ರಕಾರ 'ಕಿಲ್' ನಮ್ಮ ಕೊಲ್ಲು, ಆದ್ದರಿಂದ ಇಂಗ್ಲಿಷರು ಮೂಲತಃ ಹಾಸನದವರು. ಕೇಳಲು ಹಿತವಾಗಿರುತ್ತದೆ. ಆದರೆ ಮೂಗು ಒಂದೇ ಥರ ಇದ್ದ ಮಾತ್ರಕ್ಕೆ ದಾಯಾದಿಗಳಾಗುವುದಿಲ್ಲ. ಇಂಗ್ಲಿಷಿನೊಳಗೇ ಇಂಥ ಸುಳ್ಳು ನೆಂಟರು ಬೇಕಾದಷ್ಟಿದ್ದಾರೆ. ದ್ವೀಪಕ್ಕೆ 'ಐಲ್' ಎಂದೂ 'ಐಲೆಂಡ್' ಎಂದೂ ಹೇಳುತ್ತಾರೆ, ಎರಡಕ್ಕೂ ಸಂಬಂಧವಿಲ್ಲ. ಸಂಬಂಧ ಇದೆ ಎಂದು ಹಿಂದಿನ ಪಂಡಿತರು ಭ್ರಮಿಸಿ ಐಲೆಂಡಿನೊಳಗೆ ಒಂದು 'ಎಸ್' ತೂರಿಸಿಬಿಟ್ಟರು. ಆ ಭ್ರಮೆಯ ದಂಡವನ್ನು ಇವತ್ತಿಗೂ ಕಾಗುಣಿತದ ಪರೀಕ್ಷೆಯಲ್ಲಿ ಮಕ್ಕಳು ಕಟ್ಟುತ್ತಿದ್ದಾರೆ. 'ಪೆನ್' ಮತ್ತು 'ಪೆನ್ಸಿಲ್' ಒಂದೇ ಡಬ್ಬಿಯಲ್ಲಿ ಮಲಗುತ್ತವೆ, ನೆಂಟರಲ್ಲ. ಪೆನ್ನಿನ ಮೂಲ ಗರಿ. ಪೆನ್ಸಿಲ್ಲಿನ ಮೂಲ ಪುಟ್ಟ ಬಾಲ, ಅಂದರೆ ಕುಂಚ. ಅದರ ನಿಜವಾದ ನೆಂಟ ಕುಂಚದಂತೆ ಕಾಣುವ ಬೂಸ್ಟು ಪೆನಿಸಿಲಿಯಂ, ಅದರಿಂದ ಬಂದ 'ಪೆನಿಸಿಲಿನ್'.

ಅಮೆರಿಕದ ಸ್ಪೆಲ್ಲಿಂಗ್ ಬೀ ಸ್ಪರ್ಧೆಯಲ್ಲಿ ಭಾರತೀಯ ಮೂಲದ ಮಕ್ಕಳು ಹೆಚ್ಚುಕಡಿಮೆ ವರ್ಷವರ್ಷವೂ ಗೆಲ್ಲುವುದನ್ನು ಪತ್ರಿಕೆಗಳಲ್ಲಿ ಓದುತ್ತೇವೆ. 1985ರಲ್ಲಿ ಬಾಲು ನಟರಾಜನ್ ಗೆದ್ದದ್ದು ಮೊದಲು. 2019ರಲ್ಲಿ ಎಂಟು ಮಂದಿಗೆ ಪ್ರಶಸ್ತಿ ಹಂಚಿದಾಗ ಏಳು ಮಂದಿ ನಮ್ಮ ಮೂಲದವರು. ಅವರು ಇಡೀ ನಿಘಂಟನ್ನು ನುಂಗಿದ್ದಾರೆ ಎಂದು ನಾವು ಮೂಗಿನ ಮೇಲೆ ಬೆರಳಿಡುತ್ತೇವೆ. ಓದು ಭಯಂಕರವೇ, ಸುಳ್ಳಲ್ಲ. ಆದರೆ ವೇದಿಕೆಯ ಮೇಲೆ ಗೊತ್ತಿಲ್ಲದ ಪದ ಎದುರಾದಾಗ ಆ ಹುಡುಗರು ಕೇಳುವ ಪ್ರಶ್ನೆ ಗಮನಿಸಿ: ಈ ಪದದ ಮೂಲ ಭಾಷೆ ಯಾವುದು? ಗ್ರೀಕ್ ಎಂದರೆ ಒಂದು ಕಾಗುಣಿತ, ಫ್ರೆಂಚ್ ಎಂದರೆ ಇನ್ನೊಂದು. ಪದದ ಊರು ಕೇಳಿದ ಮೇಲೆಯೇ ಅವರು ಅಕ್ಷರಕ್ಕೆ ಬಾಯಿ ಹಾಕುವುದು.

ಈ ಕುಟುಂಬದ ಲೆಕ್ಕವನ್ನು ಭಾಷಾಪಾಠದ ತಜ್ಞರೂ ಮಾಡಿದ್ದಾರೆ. ಢಾಕಾದಲ್ಲಿ ಬಂಗಾಳಿ ಮಕ್ಕಳ ಇಂಗ್ಲಿಷ್ ಓದಿನ ಕಷ್ಟ ಕಂಡ ಮೈಕೇಲ್ ವೆಸ್ಟ್, ಎಲ್ಲರಿಗೂ ಮೊದಲು ಬೇಕಾಗುವ ಸುಮಾರು 2000 ಪದಗಳ ಪಟ್ಟಿಯನ್ನು 1953ರಲ್ಲಿ ಹೊರತಂದರು. ನ್ಯೂಜಿಲೆಂಡಿನ ಪಾಲ್ ನೇಷನ್ ಮತ್ತು ಲಾರಿ ಬಾವರ್ 1993ರಲ್ಲಿ ಪದಕುಟುಂಬ ಎಂದರೆ ಯಾರ‍್ಯಾರು ಸೇರುತ್ತಾರೆ ಎಂದು ಮೆಟ್ಟಿಲು ಮೆಟ್ಟಿಲಾಗಿ ಗೊತ್ತುಮಾಡಿದರು. ನೇಷನ್ ಅವರ 2006ರ ಲೆಕ್ಕದಂತೆ ಇಂಗ್ಲಿಷ್ ಕಾದಂಬರಿ, ಪತ್ರಿಕೆಗಳನ್ನು ಯಾರ ಸಹಾಯವೂ ಇಲ್ಲದೆ ಓದಲು ಎಂಟರಿಂದ ಒಂಬತ್ತು ಸಾವಿರ ಪದಕುಟುಂಬಗಳು ಸಾಕು. ಮೊದಲ ಕೇಳುವಿಕೆಗೆ ಎದೆ ಧಸಕ್ಕೆನ್ನುತ್ತದೆ. ಆದರೆ ಲಕ್ಷಗಟ್ಟಲೆ ಪದ ಎಂಬ ಹೆದರಿಕೆಯ ಮುಂದೆ ಇದೊಂದು ಹೋಬಳಿಯ ಮನೆಗಳ ಲೆಕ್ಕ.

ಮನೆ ಗೊತ್ತಾದ ಕೂಡಲೇ ಮನುಷ್ಯ ಗೊತ್ತಾದ ಎಂದೇನೂ ಅಲ್ಲ. ಒಂದೇ ಮನೆಯ ಮಕ್ಕಳು ಬೇರೆ ಬೇರೆ ದಾರಿ ಹಿಡಿಯುತ್ತಾರೆ. 'ಟೆರಿಬಲ್' ಮತ್ತು 'ಟೆರಿಫಿಕ್' ಭಯದ ಮನೆಯ ಅಣ್ಣತಮ್ಮಂದಿರು. ಅಣ್ಣ ಕೆಟ್ಟ, ತಮ್ಮ ಊರು ಮೆಚ್ಚಿದವನಾದ. ಮೇಷ್ಟರ ಬೀಳ್ಕೊಡುಗೆ ಭಾಷಣದಲ್ಲಿ ಇವರಿಬ್ಬರು ಅದಲುಬದಲಾದರೆ ಹಾರ ಹಾಕಿಸಿಕೊಂಡವರ ಮುಖ ನೋಡಬೇಕು. 'ಅಫಿಷಿಯಲ್' ಎಂದರೆ ಕಚೇರಿಯ ಅಧಿಕೃತ ವಿಷಯ. 'ಅಫಿಷಿಯಸ್' ಎಂದರೆ ಕೇಳದಿದ್ದರೂ ಮೂಗು ತೂರಿಸಿ ದರ್ಬಾರು ಮಾಡುವವನು. ಇವೆರಡರ ಅಂತರ ಕನ್ನಡದಲ್ಲಿ ಬರೆದಾಗ ಒಂದು ಅಕ್ಷರದ್ದು, ನಮ್ಮ ಕಚೇರಿಗಳಲ್ಲಿ ಅಷ್ಟೂ ಇಲ್ಲ. ಇಂಥ ಕಡೆ ಧಾತು ಕೈಕೊಡುತ್ತದೆ. ಆ ಪದ ಯಾರ ಬಾಯಲ್ಲಿ, ಯಾವ ಸಂದರ್ಭದಲ್ಲಿ, ಯಾವ ಧ್ವನಿಯಲ್ಲಿ ಬರುತ್ತದೆ ಎಂದು ಓದಿಯೇ, ಕೇಳಿಯೇ ತಿಳಿಯಬೇಕು. ಬಳಗ ಕಟ್ಟಿಕೊಡುವುದು ನೆನಪನ್ನು. ಗುಣ ತಿಳಿಯಲು ಒಡನಾಟವೇ ಆಗಬೇಕು.

ಕನ್ನಡದವರಿಗೆ ಈ ಬಗೆಯ ಓದಿನ ರುಚಿ ಹತ್ತಿಸಿದವರು ಇದ್ದರು. ಪಾ.ವೆಂ. ಆಚಾರ್ಯರ 'ಪದಾರ್ಥ ಚಿಂತಾಮಣಿ', ಜಿ. ವೆಂಕಟಸುಬ್ಬಯ್ಯನವರ 'ಇಗೋ ಕನ್ನಡ' ಓದಿ ಬೆಳೆದವರು ಪದ ಕಂಡರೆ ಅದರ ಹಿಂದುಮುಂದು ನೋಡದೆ ಬಿಡುವುದಿಲ್ಲ. ಅದಕ್ಕೂ ಹಿಂದೆ 1894ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ನಿನಿಂದ ಹೊರಬಂದ ಕಿಟೆಲ್ ಕೋಶದಲ್ಲಿ ಕನ್ನಡ ಪದದ ಪಕ್ಕದಲ್ಲೇ ಅದರ ತಮಿಳು, ಮಲಯಾಳ, ತೆಲುಗು, ತುಳು ನೆಂಟರನ್ನು ಕೂರಿಸಿದ್ದಾರೆ. ಜರ್ಮನಿಯಿಂದ ಬಂದ ಪಾದ್ರಿಗೆ ನಮ್ಮ ಬೀಗರು ಯಾರೆಂದು ವಿಚಾರಿಸಲು ಹೊಳೆಯಿತು.

ಒಳ್ಳೆಯ ಇಂಗ್ಲಿಷ್ ನಿಘಂಟುಗಳಲ್ಲೂ ಅರ್ಥವೆಲ್ಲ ಮುಗಿದ ಮೇಲೆ, ಚೌಕ ಕಂಸದೊಳಗೆ ಸಣ್ಣ ಅಕ್ಷರದಲ್ಲಿ ಪದದ ಮೂಲ ಕೊಟ್ಟಿರುತ್ತಾರೆ. ಹೆಚ್ಚಿನವರ ಕಣ್ಣು ಅಲ್ಲಿಗೆ ಹೋಗುವುದೇ ಇಲ್ಲ. ಮಕ್ಕಳಿಗೆ ನಿಘಂಟು ಕೊಡಿಸುವವರಲ್ಲಿ ನನ್ನದೊಂದು ಕೋರಿಕೆ. ಜೇಬಿನ ನಿಘಂಟುಗಳಲ್ಲಿ ಜಾಗ ಉಳಿಸಲು ಆ ಕಂಸವನ್ನೇ ಕಿತ್ತುಹಾಕಿರುತ್ತಾರೆ, ಅವನ್ನು ಕೊಳ್ಳಬೇಡಿ. ಸ್ವಲ್ಪ ದಪ್ಪನೆಯದು, ಸ್ವಲ್ಪ ದುಬಾರಿಯದು, ಕಂಸ ಇರುವುದನ್ನೇ ಕೊಳ್ಳಿ. ಮನೆಗೆ ತಂದ ಮೇಲೆ ಮಕ್ಕಳಿಗೆ ಕೊಡುವ ಮುಂಚೆ ನೀವೂ ನಾಲ್ಕು ದಿನ ಇಟ್ಟುಕೊಳ್ಳಿ.